ಬಲವಾದ ಡ್ರಾ ಕೈಯನ್ನು ಆಡುವ ಕ್ರಮ: ನೋ-ಲಿಮಿಟ್ ಹೋಲ್ಡಮ್‌ಗೆ ಸಮಗ್ರ ಮಾರ್ಗದರ್ಶಿ

ಪೋಕರ್‌ನ ನೋ-ಲಿಮಿಟ್ ಹೋಲ್ಡಮ್‌ನಲ್ಲಿ ಡ್ರಾ ಕೈ ಎಂದರೆ ಇನ್ನೂ ಪೂರ್ತಿಯಾಗದ, ಬೇಕಾದ ಎಲೆ ಬಂದರೆ ಫ್ಲಶ್ (ಒಂದೇ ಸೂಟ್‌ನ ಐದು ಎಲೆ) ಅಥವಾ ಸ್ಟ್ರೇಟ್ (ಸಾಲಾಗಿ ಐದು ಎಲೆ) ಆಗುವ ಕೈ. ಅದನ್ನು ಆಡುವವರು ಎಡವುವ ಜಾಗ ಹೆಚ್ಚೂಕಮ್ಮಿ ಒಂದೇ. ಫ್ಲಾಪ್‌ನಲ್ಲಿ (ಮೇಜಿನ ಮೊದಲ ಮೂರು ಎಲೆ) ಫ್ಲಶ್ ಡ್ರಾ, ಜೊತೆಗೆ ಸ್ಟ್ರೇಟ್ ಡ್ರಾ ಕಂಡ ಕೂಡಲೇ ಬೆರಳು ರೈಸ್ ಬಟನ್ ಮೇಲೆ ಹೋಗುತ್ತದೆ. ಎದುರಾಳಿ ಕಾಲ್ ಮಾಡುತ್ತಾರೆ, ಟರ್ನ್‌ನಲ್ಲಿ (ನಾಲ್ಕನೇ ಎಲೆ) ಬೇಕಾದ ಎಲೆ ಬರುವುದಿಲ್ಲ, ಆಗ ಮುಂದೇನು ಎಂದು ತೋಚುವುದಿಲ್ಲ. ಕೆಲವರು ಅರ್ಧ ಸ್ಟ್ಯಾಕ್ (ತಮ್ಮ ಬಳಿಯ ಚಿಪ್ಸ್) ಹಾಕಿದ ಮೇಲೆ ಫೋಲ್ಡ್ ಮಾಡುತ್ತಾರೆ. ಇನ್ನು ಕೆಲವರು ಬೆಲೆ ನೋಡದೆ ರಿವರ್‌ವರೆಗೂ (ಐದನೇ, ಕೊನೆಯ ಎಲೆ) ಕಾಲ್ ಮಾಡಿಕೊಂಡು ಹೋಗುತ್ತಾರೆ. ಎರಡಕ್ಕೂ ಮೂಲ ಒಂದೇ: ಟರ್ನ್‌ನಲ್ಲಿ ಏನು ಮಾಡಬೇಕು ಎಂಬುದನ್ನು ಫ್ಲಾಪ್‌ನಲ್ಲಿ ಚಿಪ್ಸ್ ಹಾಕುವ ಮೊದಲೇ ತೀರ್ಮಾನಿಸಿರುವುದಿಲ್ಲ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಜೋಡಿಸಿದೆ. ಹಿಂದುಮುಂದು ಮಾಡಬೇಡಿ.

ಹೋಲ್ಡಮ್ ನಿಯಮ, ಕೈಗಳ ಶ್ರೇಣಿ ನಿಮಗೆ ಗೊತ್ತಿದೆ ಎಂದುಕೊಂಡೇ ಬರೆದಿದೆ. ಮೊತ್ತಗಳೆಲ್ಲ ಬಿಗ್ ಬ್ಲೈಂಡ್ ಲೆಕ್ಕದಲ್ಲಿ, ಅಂದರೆ ಬಿಬಿಯಲ್ಲಿವೆ.

## ಕೂರುವ ಮುನ್ನ: ಕಾನೂನು

2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅದರಲ್ಲಿ ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವಿಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ತಂದಿದ್ದ ಪೊಲೀಸ್ ಕಾಯ್ದೆ ತಿದ್ದುಪಡಿಯ ನಿಷೇಧದ ಭಾಗವನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತ್ತು. ಅದನ್ನೇ ಹಿಡಿದುಕೊಂಡು "ಬೆಂಗಳೂರಲ್ಲಿ ಏನೂ ತೊಂದರೆ ಇಲ್ಲ" ಎನ್ನುವವರು ಇನ್ನೂ ಇದ್ದಾರೆ. ಈಗಿನದು ಕೇಂದ್ರದ ಕಾಯ್ದೆ, ಆ ಹಳೆಯ ತೀರ್ಪು ಇದಕ್ಕೆ ರಕ್ಷಣೆ ಕೊಡುವುದಿಲ್ಲ. ಆದ್ದರಿಂದ ಇಲ್ಲಿರುವುದೆಲ್ಲ ಉಚಿತ ಚಿಪ್ಸ್ ಮೇಜಿಗೆ, ಗೆಳೆಯರೊಡನೆ ಹಣವಿಲ್ಲದೆ ನಡೆಸುವ ಖಾಸಗಿ ಮೇಜಿಗೆ, ಅಭ್ಯಾಸಕ್ಕೆ. ಯುಪಿಐಯಲ್ಲಿ ಹಣ ಕಳಿಸಿದರೆ ಚಿಪ್ಸ್ ಹಾಕಿಕೊಡುತ್ತೇವೆ ಎಂದು ಟೆಲಿಗ್ರಾಂನಲ್ಲಿ ಬರುವ ಏಜೆಂಟರಿಗೆ ಉತ್ತರವನ್ನೇ ಕೊಡಬೇಡಿ. ಹೋದ ಹಣ ವಾಪಸ್ ಕೇಳಲು ಅಲ್ಲಿ ಯಾರೂ ಇರುವುದಿಲ್ಲ.

## ಬೇಕಾದ ಸಿದ್ಧತೆ

ನಾಲ್ಕು ಬಣ್ಣದ ಎಲೆಗಳು. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಆಟಿನ್ ಕೆಂಪು, ಡೈಮಂಡ್ ನೀಲಿ, ಕಳಾವರ್ ಹಸಿರು, ಇಸ್ಪೀಟ್ ಕಪ್ಪು ಬರುವಂತೆ ಮಾಡಿಕೊಳ್ಳಿ. ಫೋನಿನ ಬೆಳಕು ಕಡಿಮೆ ಇದ್ದಾಗ ಆಟಿನ್‌ಗೂ ಡೈಮಂಡ್‌ಗೂ ವ್ಯತ್ಯಾಸ ಕಾಣದೆ, ಇಲ್ಲದ ಫ್ಲಶ್ ಡ್ರಾಗೆ ರೈಸ್ ಮಾಡುವುದು ಅಪರೂಪವೇನಲ್ಲ.

ಬೆಟ್ ಬಟನ್‌ಗಳು. ಪಾಟ್‌ನ ಮೂರನೇ ಒಂದು, ಮೂರನೇ ಎರಡು, ಪೂರ್ತಿ ಪಾಟ್: ಈ ಮೂರನ್ನು ಮೊದಲೇ ಹೊಂದಿಸಿಡಿ. ಸ್ಲೈಡರ್ ಎಳೆಯುತ್ತಾ ಕೂತರೆ ಗಡಿಯಾರ ಓಡುತ್ತದೆ, ಮೊತ್ತವೂ ತಪ್ಪುತ್ತದೆ.

ಸಂಪರ್ಕ. ಹೆಚ್ಚಿನ ಆ್ಯಪ್‌ಗಳಲ್ಲಿ ಸಂಪರ್ಕ ಕಡಿದು ಸಮಯ ಮುಗಿದರೆ ಕೈ ತಾನಾಗಿ ಚೆಕ್ ಅಥವಾ ಫೋಲ್ಡ್ ಆಗುತ್ತದೆ. ಡ್ರಾ ಕೈಗೆ ಇದು ದುಬಾರಿ, ಏಕೆಂದರೆ ಮುಖ್ಯ ನಿರ್ಧಾರ ಬರುವುದು ಪಾಟ್ ಬೆಳೆದ ಮೇಲೆ. ನೇರಳೆ ಮಾರ್ಗದ ಮೆಟ್ರೋದಲ್ಲಿ ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್‌ ಕಡೆಗಿನ ಸುರಂಗ ದಾಟುವಾಗ ಆಡಬೇಡಿ. ಮಳೆಗಾಲದ ಸಂಜೆ ಕರೆಂಟು ಹೋಗಿ ವೈಫೈ ನಿಂತರೆ ಮೊಬೈಲ್ ಡೇಟಾಗೆ ತಕ್ಷಣ ಬದಲಾಗುವಂತಿರಲಿ.

ಇಕ್ವಿಟಿ ಕ್ಯಾಲ್ಕುಲೇಟರ್ (ಗೆಲುವಿನ ಸಾಧ್ಯತೆ ಲೆಕ್ಕ ಹಾಕುವ ಸಾಧನ) ಮತ್ತು ಒಂದು ನೋಟ್‌ಬುಕ್. ಎರಡೂ ಆಟ ಮುಗಿದ ಮೇಲಿನ ಬಳಕೆಗೆ. ಆಡುವಾಗ ಕ್ಯಾಲ್ಕುಲೇಟರ್ ತೆರೆದಿಟ್ಟುಕೊಳ್ಳುವುದು ಮೋಸ. ನಿಮ್ಮ ಅಭ್ಯಾಸವೂ ಅದರಿಂದ ಕೆಡುತ್ತದೆ.

ಮೊದಮೊದಲು ಒಂದೇ ಮೇಜಿನಲ್ಲಿ ಆಡಿ.

## ಹಂತ 1: ಯಾವ ಡ್ರಾ ಎಂದು ಮೊದಲು ಗುರುತಿಸಿ

ಫ್ಲಾಪ್ ಬಿದ್ದಾಗ ನಿಮಗೆ ಕಾಣುವುದು 5 ಎಲೆ, ಕಾಣದ್ದು 47. ಔಟ್ಸ್ ಎಂದರೆ ನಿಮ್ಮ ಕೈಯನ್ನು ಗೆಲ್ಲುವ ಕೈ ಮಾಡುವ ಎಲೆಗಳ ಸಂಖ್ಯೆ. ಈ ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಮೊದಲ ಶೇಕಡಾವಾರು ಟರ್ನ್ ಎಲೆ ಒಂದಕ್ಕೆ, ಎರಡನೆಯದು ಟರ್ನ್ ಮತ್ತು ರಿವರ್ ಎರಡೂ ಸೇರಿ.

- ಗಟ್‌ಶಾಟ್, ನಡುವಿನ ಒಂದೇ ಎಲೆ ಬೇಕಾದದ್ದು: 4 ಔಟ್ಸ್, ಶೇ 8.5, ಶೇ 16.5
- ಎರಡೂ ತುದಿ ತೆರೆದ ಸ್ಟ್ರೇಟ್ ಡ್ರಾ: 8 ಔಟ್ಸ್, ಶೇ 17, ಶೇ 31.5
- ಫ್ಲಶ್ ಡ್ರಾ: 9 ಔಟ್ಸ್, ಶೇ 19.1, ಶೇ 35
- ಫ್ಲಶ್ ಡ್ರಾ ಜೊತೆ ಗಟ್‌ಶಾಟ್: 12 ಔಟ್ಸ್, ಶೇ 25.5, ಶೇ 45
- ಫ್ಲಶ್ ಡ್ರಾ ಜೊತೆ ಒಂದು ಜೋಡಿ: 14 ಔಟ್ಸ್, ಶೇ 29.8, ಶೇ 51.2
- ಫ್ಲಶ್ ಡ್ರಾ ಜೊತೆ ತೆರೆದ ಸ್ಟ್ರೇಟ್ ಡ್ರಾ: 15 ಔಟ್ಸ್, ಶೇ 31.9, ಶೇ 54.1

12 ಅಥವಾ ಅದಕ್ಕಿಂತ ಹೆಚ್ಚು ಔಟ್ಸ್ ಇದ್ದರೆ ಬಲವಾದ ಡ್ರಾ. ಎಕ್ಕ ಹಿಡಿದ ಫ್ಲಶ್ ಡ್ರಾವನ್ನೂ ಅದೇ ಸಾಲಿಗೆ ಸೇರಿಸಬಹುದು. ಉಳಿದವನ್ನು ಸಾಧಾರಣ ಡ್ರಾ ಎಂದೇ ಆಡಿ.

ಅಂದಾಜಿಗೆ ಸುಲಭ ದಾರಿ: ಒಂದು ಎಲೆಗೆ ಔಟ್ಸ್ ಗುಣಿಸು 2, ಎರಡು ಎಲೆಗೆ ಗುಣಿಸು 4. ಔಟ್ಸ್ 8 ದಾಟಿದರೆ ನಾಲ್ಕರಿಂದ ಗುಣಿಸಿ ಬಂದದ್ದರಲ್ಲಿ, 8ರ ಮೇಲೆ ಎಷ್ಟು ಔಟ್ಸ್ ಇವೆಯೋ ಅಷ್ಟು ಕಳೆಯಿರಿ. 15 ಔಟ್ಸ್‌ಗೆ 60ರಲ್ಲಿ 7 ಕಳೆದರೆ 53. ನಿಜವಾದ ಅಂಕಿ 54.1, ಸಾಕಷ್ಟು ಹತ್ತಿರ.

ಎರಡು ಎಲೆಯ ಅಂಕಿಯನ್ನು ಬಳಸಲು ಒಂದು ಷರತ್ತಿದೆ: ಫ್ಲಾಪ್‌ನಲ್ಲೇ ಆಲ್-ಇನ್ ಆಗಿ, ಮುಂದೆ ಒಂದು ಚಿಪ್ಪೂ ಕೊಡದೆ ಎರಡೂ ಎಲೆ ನೋಡುವಂತಿರಬೇಕು. ಟರ್ನ್‌ನಲ್ಲಿ ಇನ್ನೊಂದು ಬೆಟ್ ಬರುವ ಹಾಗಿದ್ದರೆ ನಿಮ್ಮ ಲೆಕ್ಕ ಒಂದು ಎಲೆಯದು. "ಫ್ಲಶ್ ಡ್ರಾಗೆ ಶೇ 35 ಇದೆ" ಎಂದುಕೊಂಡು ಪಾಟ್‌ನಷ್ಟು ದೊಡ್ಡ ಬೆಟ್‌ಗೆ ಕಾಲ್ ಮಾಡುವುದು, ಆಮೇಲೆ ಟರ್ನ್‌ನಲ್ಲಿ ಮತ್ತೆ ಅಷ್ಟೇ ದೊಡ್ಡ ಬೆಟ್‌ಗೆ ಅದೇ ಶೇ 35 ನೆನೆದು ಕಾಲ್ ಮಾಡುವುದು: ಹೊಸಬರು ಚಿಪ್ಸ್ ಕಳೆಯುವ ಮೊದಲ ದಾರಿ ಇದು. ಟರ್ನ್ ದಾಟಿದ ಮೇಲೆ ಅದು ಶೇ 19.6 ಅಷ್ಟೆ.

ಕಣ್ಣು ತಪ್ಪಿಸುವ ಡ್ರಾ ಒಂದಿದೆ. ಕೈಯಲ್ಲಿ 9-7, ಬೋರ್ಡ್‌ನಲ್ಲಿ (ಮೇಜಿನ ಮೇಲೆ ಎಲ್ಲರಿಗೂ ತೆರೆದ ಎಲೆಗಳು) ಗುಲಾಮ-8-5. ಹತ್ತು ಬಂದರೂ ಸ್ಟ್ರೇಟ್, ಆರು ಬಂದರೂ ಸ್ಟ್ರೇಟ್. ಎರಡು ಗಟ್‌ಶಾಟ್ ಸೇರಿ 8 ಔಟ್ಸ್. ಇದನ್ನು 4 ಎಂದು ಎಣಿಸಿ ಬಿಟ್ಟುಬಿಡುತ್ತಾರೆ. ಎದುರಾಳಿಗೂ ಈ ಸ್ಟ್ರೇಟ್ ಕಾಣುವುದಿಲ್ಲ, ಹಾಗಾಗಿ ಬಂದಾಗ ಒಳ್ಳೆಯ ಬೆಲೆ ಸಿಗುತ್ತದೆ.

## ಹಂತ 2: ಕೆಟ್ಟ ಔಟ್ಸ್ ಕಳೆಯಿರಿ

ಪಟ್ಟಿಯ ಸಂಖ್ಯೆ ಗರಿಷ್ಠ. ನಿಮ್ಮ ಕೈ ಪೂರ್ತಿಯಾದರೂ ಸೋಲುವಂತೆ ಮಾಡುವ ಎಲೆಗಳು ಅದರೊಳಗೇ ಅಡಗಿರುತ್ತವೆ. ಈ ಹಂತವನ್ನು ಹಾರಿಸಿದವರಿಗೆ ಮುಂದಿನ ಯಾವ ಲೆಕ್ಕವೂ ಕೂಡಿಬರುವುದಿಲ್ಲ.

ಬೋರ್ಡ್‌ನಲ್ಲಿ ಎರಡು ಆಟಿನ್ ಇದ್ದು, ನಿಮ್ಮದು ಆಟಿನ್ ಇಲ್ಲದ ತೆರೆದ ಸ್ಟ್ರೇಟ್ ಡ್ರಾ ಆಗಿದ್ದರೆ 8ರಲ್ಲಿ 2 ಎಲೆ ಆಟಿನ್‌ನವು. ಅವು ಬಂದರೆ ನಿಮಗೆ ಸ್ಟ್ರೇಟ್, ಎದುರಿಗೆ ಫ್ಲಶ್ ಇರಬಹುದು. ಎಣಿಕೆ 6ಕ್ಕೆ ಇಳಿಸಿ.

ಸ್ಟ್ರೇಟ್‌ನ ಕೆಳತುದಿ ಹಿಡಿದವರಿಗೆ ಬೇರೆ ಅಪಾಯ. ಕೈಯಲ್ಲಿ 9-8, ಬೋರ್ಡ್ ಗುಲಾಮ-10-2. ರಾಣಿ ಬಂದರೆ ನಿಮ್ಮ ಸ್ಟ್ರೇಟ್ ಸಿದ್ಧ, ಆದರೆ ಎಕ್ಕ-ರಾಜ ಹಿಡಿದವರದೂ ರಾಜ-9 ಹಿಡಿದವರದೂ ಅದಕ್ಕಿಂತ ದೊಡ್ಡದು. ಏಳು ಬಂದರೆ ಮಾತ್ರ ನೆಮ್ಮದಿಯಾಗಿ ಆಡಬಹುದು.

ಆಟಿನ್ ಎಕ್ಕ-ರಾಜ ಹಿಡಿದು 9-5-2 ಬೋರ್ಡ್‌ನಲ್ಲಿ ಎರಡು ಆಟಿನ್ ಇದ್ದರೆ 9 ಫ್ಲಶ್ ಔಟ್ಸ್, 6 ಮೇಲಿನ ಎಲೆಗಳು, ಒಟ್ಟು 15 ಎಂದು ಎಣಿಸುವ ರೂಢಿಯಿದೆ. ಎದುರಾಳಿಯದು ಸೆಟ್ (ಕೈಯಲ್ಲಿನ ಜೋಡಿಗೆ ಬೋರ್ಡ್‌ನ ಅದೇ ಎಲೆ ಸೇರಿ ಮೂರು) ಆಗಿದ್ದರೆ ಆ ಆರು ಎಲೆಗೆ ಬೆಲೆಯೇ ಇಲ್ಲ. ಎಕ್ಕ-9 ಆಗಿದ್ದರೆ ಎಕ್ಕ ಬಂದಾಗ ಅವರಿಗೆ ಎರಡು ಜೋಡಿ. ಮೇಲಿನ ಎಲೆಗಳಿಗೆ ಅರ್ಧ ಬೆಲೆ ಕೊಟ್ಟು 12 ಎಂದುಕೊಳ್ಳಿ.

ಚಿಕ್ಕ ಫ್ಲಶ್ ಡ್ರಾ, ಉದಾಹರಣೆಗೆ 6-5, ಇಬ್ಬರ ಮೇಜಿನಲ್ಲಿ ಪರವಾಗಿಲ್ಲ. ನಾಲ್ವರು ಫ್ಲಾಪ್ ನೋಡುತ್ತಿದ್ದರೆ ಯಾರ ಕೈಯಲ್ಲಾದರೂ ಅದೇ ಸೂಟ್‌ನ ದೊಡ್ಡ ಎಲೆಗಳಿರುವ ಸಂಭವ ಏರುತ್ತದೆ. ಬೋರ್ಡ್‌ನಲ್ಲೇ ಜೋಡಿ ಬಿದ್ದಿದ್ದರೆ ಫುಲ್‌ಹೌಸ್ ಆಗಲೇ ಆಗಿರಬಹುದು. ಅಂಥಲ್ಲಿ 15 ಔಟ್ಸ್ ಕಂಡರೂ ರೈಸ್ ಮಾಡುವ ಕೈ ಅದಲ್ಲ, ಕಾಲ್ ಸಾಕು.

## ಹಂತ 3: ಬೆಲೆ ನೋಡಿ

ಕಾಲ್ ಮಾಡಬೇಕಾದ ಮೊತ್ತವನ್ನು, ಕಾಲ್ ಮಾಡಿದ ಮೇಲಿನ ಒಟ್ಟು ಪಾಟ್‌ನಿಂದ ಭಾಗಿಸಿ. ಬಂದದ್ದು ನಿಮಗೆ ಬೇಕಾದ ಕನಿಷ್ಠ ಗೆಲುವಿನ ಸಾಧ್ಯತೆ. ಪಾಟ್‌ನ ಮೂರನೇ ಒಂದು ಬೆಟ್‌ಗೆ ಶೇ 20, ಅರ್ಧಕ್ಕೆ ಶೇ 25, ಮೂರನೇ ಎರಡಕ್ಕೆ ಶೇ 28.6, ಪೂರ್ತಿ ಪಾಟ್‌ಗೆ ಶೇ 33.3, ಎರಡು ಪಾಟ್‌ನಷ್ಟಕ್ಕೆ ಶೇ 40.

ಇದನ್ನು ಹಂತ 1ರ ಒಂದು ಎಲೆಯ ಅಂಕಿಯ ಪಕ್ಕ ಇಟ್ಟು ನೋಡಿ. 15 ಶುದ್ಧ ಔಟ್ಸ್‌ಗೆ ಮೂರನೇ ಎರಡು ಬೆಟ್‌ವರೆಗೆ ಕಾಲ್ ನೇರವಾಗಿ ಸರಿ. 9 ಔಟ್ಸ್‌ಗೆ ಮೂರನೇ ಒಂದು ಬೆಟ್ ಕೂಡ ಕೂದಲೆಳೆಯಷ್ಟು ಕಮ್ಮಿ ಬೀಳುತ್ತದೆ, ಆ ಕೊರತೆಯನ್ನು ಮುಂದೆ ಗೆಲ್ಲುವ ಚಿಪ್ಸ್‌ನಿಂದ ತುಂಬಿಕೊಳ್ಳಬೇಕು. ರಮ್ಮಿ ಆಡಿ ಬಂದವರಿಗೆ ಈ ಹಂತ ಕಷ್ಟವಾಗುವುದುಂಟು. ಅಲ್ಲಿ ಎಲೆಗಾಗಿ ಕಾಯಲು ಸರದಿಗೆ ಬೇರೆ ಶುಲ್ಕವಿಲ್ಲ, ಇಲ್ಲಿ ಪ್ರತಿ ಕಾಯುವಿಕೆಗೂ ಎದುರಾಳಿ ಬೆಲೆ ಹೇಳುತ್ತಾರೆ.

## ಹಂತ 4: ಹಿಂದೆ ಎಷ್ಟು ಚಿಪ್ಸ್ ಉಳಿದಿವೆ?

ಬೆಲೆ ಸಾಲದಿದ್ದಾಗ "ಬಂದರೆ ದೊಡ್ಡದಾಗಿ ಗೆಲ್ಲುತ್ತೇನೆ" ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಆ "ದೊಡ್ಡದು" ಎಷ್ಟು ಎಂದು ಸಂಖ್ಯೆಯಲ್ಲಿ ಹೇಳಲೇಬೇಕು.

ಟರ್ನ್‌ನಲ್ಲಿ ಪಾಟ್ 20 ಬಿಬಿ, ಎದುರಾಳಿ 15 ಹಾಕಿದರು. ಈಗ ಪಾಟ್ 35, ನೀವು ಕೊಡಬೇಕಾದದ್ದು 15. ನಿಮ್ಮದು 9 ಔಟ್ಸ್, ಅಂದರೆ 46ರಲ್ಲಿ 9. ಗೆಲ್ಲುವ ಒಂದಕ್ಕೆ ಸೋಲು ಸುಮಾರು 4.1, ಹಾಗಾಗಿ ಗೆದ್ದಾಗ 15ರ 4.1 ಪಟ್ಟು, ಸುಮಾರು 62 ಬಿಬಿ ಸಿಗಬೇಕು. ಪಾಟ್‌ನಲ್ಲಿ 35 ಇದೆ. ಉಳಿದ 27 ರಿವರ್‌ನಲ್ಲಿ ಬರಬೇಕು, ಅದೂ ಫ್ಲಶ್ ಆದ ಪ್ರತಿ ಸಲ ಸರಾಸರಿಯಲ್ಲಿ. ಎದುರಾಳಿಯ ಹಿಂದೆ 20 ಮಾತ್ರ ಇದ್ದರೆ ಮಾತು ಮುಗಿಯಿತು, ಫೋಲ್ಡ್. 80 ಇದ್ದರೂ, ಮೂರನೇ ಆಟಿನ್ ಕಂಡ ಕೂಡಲೇ ಕೈ ಬಿಡುವವರಾದರೆ ಆಗಲೂ ಫೋಲ್ಡ್.

ಆಲ್-ಇನ್ ಬಗ್ಗೆಯೂ ಇಲ್ಲೇ ಯೋಚಿಸಿ. ಫ್ಲಾಪ್‌ನಲ್ಲಿ ಉಳಿದ ಸ್ಟ್ಯಾಕ್ ಪಾಟ್‌ನ ನಾಲ್ಕೈದು ಪಟ್ಟು ಅಥವಾ ಕಡಿಮೆ ಇದ್ದರೆ 12-15 ಔಟ್ಸ್‌ನ ಕೈಯನ್ನು ಫ್ಲಾಪ್‌ನಲ್ಲೇ ಪೂರ್ತಿ ಹಾಕುವುದು ಸಾಮಾನ್ಯವಾಗಿ ಒಳ್ಳೆಯದು. ಎರಡೂ ಎಲೆ ಖಚಿತವಾಗಿ ಸಿಗುತ್ತವೆ, ಟರ್ನ್‌ನ ತಲೆನೋವಿಲ್ಲ. ಸ್ಟ್ಯಾಕ್ ಪಾಟ್‌ನ 15-20 ಪಟ್ಟು ಇದ್ದಾಗ ಎಕ್ಕದ ಫ್ಲಶ್ ಡ್ರಾಗೂ 9-8ರ ಫ್ಲಶ್ ಡ್ರಾಗೂ ಭಾರಿ ಅಂತರವಿದೆ. ಅಷ್ಟೂ ಚಿಪ್ಸ್ ಒಳಗೆ ಹೋಗುವ ದಿನ ಚಿಕ್ಕ ಫ್ಲಶ್ ಎದುರು ದೊಡ್ಡ ಫ್ಲಶ್ ಇರುವ ಸಾಧ್ಯತೆಯೇ ಹೆಚ್ಚು.

## ಹಂತ 5: ಎದುರಾಳಿ ಕೈ ಬಿಡುತ್ತಾರಾ?

ಡ್ರಾ ಕೈ ರೈಸ್ ಮಾಡಿದರೆ ಗೆಲ್ಲಲು ಎರಡು ದಾರಿ: ಅವರು ಈಗಲೇ ಬಿಡಬಹುದು, ಇಲ್ಲವೇ ನಿಮ್ಮ ಎಲೆ ಬರಬಹುದು. ಮೊದಲ ದಾರಿ ಮುಚ್ಚಿದ್ದರೆ ರೈಸ್‌ನ ಅರ್ಧ ಶಕ್ತಿ ಹೋಯಿತು. ಉಚಿತ ಚಿಪ್ಸ್ ಮೇಜಿನ ದೊಡ್ಡ ಸತ್ಯ ಇದೇ, ಅಲ್ಲಿ ಯಾರೂ ಸುಲಭವಾಗಿ ಫೋಲ್ಡ್ ಮಾಡುವುದಿಲ್ಲ. ಒಂದು ಜೋಡಿಯಿರಲಿ, ಎಕ್ಕ ಒಂದೇ ಇರಲಿ, ರಿವರ್‌ವರೆಗೆ ಬರುತ್ತಾರೆ. ಪುಸ್ತಕ ಓದಿ, ವಿಡಿಯೊ ನೋಡಿ ಕಲಿತ ಸೆಮಿ-ಬ್ಲಫ್ (ಡ್ರಾ ಹಿಡಿದು ಮಾಡುವ ಇಂಥ ರೈಸ್) ಅಲ್ಲಿ ಕೆಲಸ ಮಾಡದಿರುವುದಕ್ಕೆ ಕಾರಣ ಇದು.

ಅಂಥ ಮೇಜಿನಲ್ಲಿ ಬೇರೆ ಲಾಭವಿದೆ. ಮೂವರು ಚಿಪ್ಸ್ ಹಾಕುತ್ತಿದ್ದರೆ ಪ್ರತಿ ಸುತ್ತಿನಲ್ಲಿ ನೀವು ಕೊಡುವುದು ಮೂರನೇ ಒಂದು ಪಾಲು. ನಿಮ್ಮ ಗೆಲುವಿನ ಸಾಧ್ಯತೆ ಶೇ 33.3 ದಾಟಿದ್ದರೆ ಒಳಗೆ ಹೋಗುವ ಪ್ರತಿ ಚಿಪ್ಪೂ ನಿಮ್ಮ ಪರ. 15 ಶುದ್ಧ ಔಟ್ಸ್ ಇರುವ ಕೈಗೆ ಫ್ಲಾಪ್‌ನಲ್ಲಿ ಅದು ಸಲೀಸಾಗಿ ದಾಟುತ್ತದೆ. ಅವರನ್ನು ಓಡಿಸಲು ದೊಡ್ಡದಾಗಿ ಹಾಕಬೇಡಿ, ಒಳಗೇ ಇಟ್ಟುಕೊಂಡು ಪಾಟ್ ಬೆಳೆಸಿ. ಟರ್ನ್ ತಪ್ಪಿದ ಕೂಡಲೇ ಸಾಧ್ಯತೆ ಶೇ 33ಕ್ಕಿಂತ ಕೆಳಗಿಳಿಯುತ್ತದೆ, ಅಲ್ಲಿ ಚೆಕ್.

ಗೆಳೆಯರ ಖಾಸಗಿ ಮೇಜಿನಲ್ಲಿ ಅಂಕ ಬರೆದಿಟ್ಟುಕೊಂಡು ಗಂಭೀರವಾಗಿ ಆಡುವವರಿರುತ್ತಾರೆ. ಅವರ ಎದುರು ಈ ಲೆಕ್ಕ ಬಳಸಿ. ಟರ್ನ್, ಪಾಟ್ 30 ಬಿಬಿ, ನಿಮ್ಮ ಹಿಂದೆ 40, ನಿಮ್ಮದು 12 ಔಟ್ಸ್, ಎದುರಾಳಿ ಚೆಕ್ ಮಾಡಿದರು. ಆಲ್-ಇನ್ ಹಾಕಿದರೆ:

- ಬಿಟ್ಟರೆ 30 ನಿಮ್ಮದು.
- ಕಾಲ್ ಮಾಡಿದರೆ 110ರ ಪಾಟ್‌ನಲ್ಲಿ ನಿಮ್ಮ ಪಾಲು ಶೇ 26, ಅಂದರೆ 28.7. ಹಾಕಿದ 40 ಕಳೆದರೆ ಸರಾಸರಿ ನಷ್ಟ 11.3.

ನಷ್ಟವಿಲ್ಲದಿರಲು ಅವರು ಶೇ 27-28ರಷ್ಟು ಸಲ ಬಿಟ್ಟರೆ ಸಾಕು. ಏನೂ ಔಟ್ಸ್ ಇಲ್ಲದ ಬರೀ ಬ್ಲಫ್‌ಗಾದರೆ ಶೇ 57 ಬೇಕಿತ್ತು. ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿ ಆಲ್-ಇನ್ ಒತ್ತುತ್ತಾರೆ. ಅದು ಅರ್ಧ ಲೆಕ್ಕ. ನೀವೂ ಚೆಕ್ ಮಾಡಿದರೆ ರಿವರ್ ಎಲೆ ಪುಕ್ಕಟೆ ಸಿಗುತ್ತದೆ, 30ರಲ್ಲಿ ಶೇ 26, ಸುಮಾರು 7.8 ಬಿಬಿ ಆಗಲೇ ನಿಮ್ಮದು. ಆಲ್-ಇನ್ ಅದಕ್ಕಿಂತ ಹೆಚ್ಚು ತರಬೇಕಾದರೆ ಅವರು ಶೇ 46ರಷ್ಟು ಸಲ ಬಿಡಬೇಕು. ಅಷ್ಟು ಬಿಡುವವರಲ್ಲ ಅನ್ನಿಸಿದರೆ ಪುಕ್ಕಟೆ ಎಲೆ ತೆಗೆದುಕೊಳ್ಳಿ.

## ಹಂತ 6: ಫ್ಲಾಪ್, ಒಂದು ಕೈ ಪೂರ್ತಿಯಾಗಿ

ಆರು ಜನರ ಮೇಜು, ಎಲ್ಲರ ಬಳಿ 100 ಬಿಬಿ. ಕಟಾಫ್‌ನವರು (ಡೀಲರ್ ಬಟನ್‌ಗೆ ಮೊದಲಿನ ಸ್ಥಾನ) 2.5ಕ್ಕೆ ರೈಸ್, ನೀವು ಬಿಗ್ ಬ್ಲೈಂಡ್‌ನಲ್ಲಿ ಆಟಿನ್ 9, ಆಟಿನ್ 8 ಹಿಡಿದು ಕಾಲ್. ಪಾಟ್ 5.5. ಫ್ಲಾಪ್: ಆಟಿನ್ 7, ಇಸ್ಪೀಟ್ 6, ಆಟಿನ್ 2. ಒಂಬತ್ತು ಆಟಿನ್, ಆಟಿನ್ ಅಲ್ಲದ ಮೂರು ಹತ್ತು, ಮೂರು ಐದು: 15 ಔಟ್ಸ್.

ನೀವು ಚೆಕ್, ಅವರು 3.5. ಇಲ್ಲಿ ರೈಸ್ ಒಳ್ಳೆಯದು. ಪೊಸಿಷನ್ (ಎದುರಾಳಿಯ ನಂತರ ಆಡುವ ಸ್ಥಾನ) ಇಲ್ಲದಿರುವುದರಿಂದ ಅವರ ಬೆಟ್‌ನ 3ರಿಂದ 4 ಪಟ್ಟು, 12 ಬಿಬಿ ಎಂದಿಟ್ಟುಕೊಳ್ಳಿ. ಪೊಸಿಷನ್ ಇದ್ದರೆ 2.5ರಿಂದ 3 ಪಟ್ಟು ಸಾಕು. ಬಟನ್ ಒತ್ತುವ ಮೊದಲು ಮೂರು ಉತ್ತರ ಸಿದ್ಧವಿರಲಿ.

ಅವರು ಆಲ್-ಇನ್ ಹಾಕಿದರೆ? ನೀವು ಇನ್ನೂ 85.5 ಕೊಡಬೇಕು, ಒಟ್ಟು ಪಾಟ್ 200.5 ಆಗುತ್ತದೆ. ಬೇಕಾದದ್ದು ಶೇ 42.6. ಆಟಿನ್ ಇಲ್ಲದ ಎಕ್ಕದ ಜೋಡಿಯ ಎದುರು ನಿಮ್ಮ ಸಾಧ್ಯತೆ ಸುಮಾರು ಶೇ 56, ಏಳರ ಸೆಟ್ ಎದುರು ಸುಮಾರು ಶೇ 41. ದೊಡ್ಡ ಜೋಡಿಗಳ ಜೊತೆಗೂ ಆಲ್-ಇನ್ ಹಾಕುವವರಾದರೆ ಕಾಲ್. ಸೆಟ್ ಇದ್ದರೆ ಮಾತ್ರ ಹಾಕುವ ಬಿಗಿ ಆಟಗಾರರಾದರೆ ತುಸು ಕೊರತೆ, ಬಿಡಬಹುದು.

ಕಾಲ್ ಮಾಡಿದರೆ? ಪಾಟ್ 29.5, ನಿಮ್ಮ ಹಿಂದೆ 85.5. ಟರ್ನ್‌ನಲ್ಲಿ 20 ಹಾಕಿದರೆ ಪಾಟ್ 69.5, ಉಳಿಯುವುದು 65.5: ರಿವರ್‌ನಲ್ಲಿ ಪಾಟ್‌ನಷ್ಟೇ ದೊಡ್ಡ ಆಲ್-ಇನ್‌ಗೆ ಜಾಗ ಸರಿಯಾಗಿದೆ. ಬಿಟ್ಟರೆ ಪಾಟ್ ನಿಮ್ಮದು.

ಈ ಮೂರಕ್ಕೂ ಉತ್ತರ ಇಲ್ಲದೆ ರೈಸ್ ಒತ್ತಬೇಡಿ, ಕಾಲ್ ಮಾಡಿ. ಕಾಲ್ ಎಂದರೆ ಅಂಜಿಕೆ ಎಂದು ತಿಳಿಯುವುದು ತಪ್ಪು. ಪೊಸಿಷನ್ ಇದ್ದಾಗ, ಎಕ್ಕದ ಫ್ಲಶ್ ಡ್ರಾ ಇದ್ದಾಗ, ಬೋರ್ಡ್ ಜೋಡಿಯಾದಾಗ ಹಲವು ಸಲ ಅದೇ ಒಳ್ಳೆಯ ಆಟ.

ಪೊಸಿಷನ್‌ನಲ್ಲಿದ್ದರೆ ಇನ್ನೊಂದು ಉಪಾಯವಿದೆ. ಅದೇ 5.5ರ ಪಾಟ್‌ಗೆ ಅವರು 3.5 ಹಾಕಿದಾಗ 10ಕ್ಕೆ ರೈಸ್ ಮಾಡಿ. ಕಾಲ್ ಮಾಡಿದವರು ಟರ್ನ್‌ನಲ್ಲಿ ಸಾಮಾನ್ಯವಾಗಿ ಚೆಕ್ ಮಾಡುತ್ತಾರೆ, ನೀವೂ ಚೆಕ್ ಮಾಡಿ ರಿವರ್ ನೋಡಬಹುದು. ಖರ್ಚು 10. ಬರೀ ಕಾಲ್ ಮಾಡಿ, ಟರ್ನ್‌ನಲ್ಲಿ ಮೂರನೇ ಎರಡು ಬೆಟ್‌ಗೂ ಕಾಲ್ ಮಾಡಿದ್ದರೆ ಸುಮಾರು 11.8 ಆಗುತ್ತಿತ್ತು.

## ಹಂತ 7: ಟರ್ನ್

ಹೆಚ್ಚಿನ ಚಿಪ್ಸ್ ಹೋಗುವುದು ಇಲ್ಲಿ. ಎಲೆ ತಪ್ಪಿದ ಕ್ಷಣವೇ 15 ಔಟ್ಸ್‌ನ ಕೈ ಶೇ 54ರಿಂದ ಶೇ 32.6ಕ್ಕೆ ಇಳಿದಿದೆ. ಫ್ಲಾಪ್‌ನಲ್ಲಿ ಮುಂದಿದ್ದ ಕೈ ಈಗ ಹಿಂದಿದೆ. ಇದನ್ನು ಒಪ್ಪಿಕೊಂಡ ಮೇಲೆ, ಬಿದ್ದ ಎಲೆ ಯಾರಿಗೆ ಒಳ್ಳೆಯದು ಎಂದು ನೋಡಿ.

ಮೇಲಿನ ಕೈಯಲ್ಲಿ ಕಳಾವರ್ 3 ಬಂದರೆ 20 ಹಾಕಿ. ಆ ಎಲೆಯಿಂದ 5-4ಕ್ಕೆ ಸ್ಟ್ರೇಟ್ ಆಗುತ್ತದೆ, ಅಂಥ ಎಲೆಗಳು ಬಿಗ್ ಬ್ಲೈಂಡ್‌ನವರ ಕೈಯಲ್ಲೇ ಹೆಚ್ಚು. ನಿಮ್ಮ ಬೆಟ್‌ಗೆ ನಂಬಿಕೆ ಬರುತ್ತದೆ. ಎಕ್ಕ ಅಥವಾ ರಾಜ ಬಂದರೆ ನಿಲ್ಲಿಸಿ, ಫ್ಲಾಪ್‌ಗೆ ಮೊದಲು ರೈಸ್ ಮಾಡಿದವರಿಗೇ ಅದು ತಾಗಿರುವ ಸಂಭವ ಜಾಸ್ತಿ. ಇನ್ನೊಂದು 7 ಅಥವಾ 6 ಬಿದ್ದು ಬೋರ್ಡ್ ಜೋಡಿಯಾದರೆ ಚೆಕ್, ಸೆಟ್ ಇದ್ದವರಿಗೆ ಫುಲ್‌ಹೌಸ್ ಆಗಿದೆ, ನಿಮ್ಮ ಔಟ್ಸ್ ಅಷ್ಟೂ ಕೆಟ್ಟಿರಬಹುದು.

ಬೆಟ್ ಹಾಕುವುದಾದರೆ ಮೂರನೇ ಎರಡರ ಸುತ್ತ. ಐದನೇ ಒಂದರಷ್ಟು ಸಣ್ಣ ಬೆಟ್ ಹಾಕಿ "ಅಗ್ಗದಲ್ಲಿ ರಿವರ್ ನೋಡೋಣ" ಎನ್ನುವವರಿಗೆ ಬಹಳ ಸಲ ಮರು-ರೈಸ್ ಬಿದ್ದು, ಒಳ್ಳೆಯ ಡ್ರಾವನ್ನು ಎಲೆ ನೋಡದೆಯೇ ಬಿಡಬೇಕಾಗುತ್ತದೆ.

## ಹಂತ 8: ರಿವರ್

ಸ್ಟ್ರೇಟ್ ಬಂದರೆ ದೊಡ್ಡದಾಗಿ ಹಾಕಿ. 7-6-2-3ರ ಮೇಲೆ ಆಟಿನ್ ಅಲ್ಲದ ಹತ್ತು ಅಥವಾ ಐದು ಬಿದ್ದರೆ 9-8ಕ್ಕಿಂತ ದೊಡ್ಡ ಕೈಯೇ ಇಲ್ಲ, 65.5 ಪೂರ್ತಿ ಒಳಗೆ. ಫ್ಲಶ್ ಬಂದರೆ ಒಂದು ಜೋಡಿಯವರು ಹೆದರುತ್ತಾರೆ, 30-35 ಹಾಕಿದರೆ ಕಾಲ್ ಸಿಗುವ ಸಂಭವ ಹೆಚ್ಚು. ಬಂದ ಕೈಯನ್ನು ಚೆಕ್ ಮಾಡಿ ಬಲೆ ಬೀಸಬೇಡಿ, ಅವರೂ ಚೆಕ್ ಮಾಡಿ ಎಲೆ ತೋರಿಸಿದರೆ ಇಡೀ ಡ್ರಾಗೆ ಕೊಟ್ಟ ಬೆಲೆ ವ್ಯರ್ಥ.

ಬರದಿದ್ದರೆ 9ರ ಕೈ ತೋರಿಸಿ ಗೆಲ್ಲಲಾಗದು. 69.5ಕ್ಕೆ 65.5 ಹಾಕುವ ಬ್ಲಫ್ ಶೇ 48.5ರಷ್ಟು ಸಲ ಫಲಿಸಬೇಕು. ನೆನಪಿಡಬೇಕಾದದ್ದು: ನಿಮ್ಮ ಕೈಯಲ್ಲೇ ಎರಡು ಆಟಿನ್ ಇವೆ, ಹಾಗಾಗಿ ಎದುರಾಳಿಯದು ತಪ್ಪಿಹೋದ ಆಟಿನ್ ಡ್ರಾ ಆಗಿರುವ ಸಂಭವ ಕಡಿಮೆ. ಸುಲಭವಾಗಿ ಬಿಡುತ್ತಿದ್ದ ಕೈಗಳು ಅವೇ. ಈ ಕಾರಣಕ್ಕೆ ತಪ್ಪಿದ ಫ್ಲಶ್ ಡ್ರಾಗಿಂತ ತಪ್ಪಿದ ಸ್ಟ್ರೇಟ್ ಡ್ರಾ ಬ್ಲಫ್‌ಗೆ ಮೇಲು. ಆಟಿನ್ ಅಲ್ಲದ 4 ಬಿದ್ದು 7-6-2-3-4 ಆದರೆ ಯಾವ ಐದಕ್ಕೂ ಸ್ಟ್ರೇಟ್, ಅಂಥ ರಿವರ್‌ನಲ್ಲಿ ಹಾಕಬಹುದು. ಉಚಿತ ಚಿಪ್ಸ್ ಮೇಜಿನಲ್ಲಾದರೆ ಬ್ಲಫ್ ಬೇಡವೇ ಬೇಡ.

## ಎಚ್ಚರಿಕೆಯ ಚಿಹ್ನೆಗಳು

ಇಷ್ಟು ಹೊತ್ತು ಸುಮ್ಮನೆ ಕಾಲ್ ಮಾಡುತ್ತಿದ್ದವರು ಟರ್ನ್‌ನಲ್ಲಿ ದಿಢೀರನೆ ರೈಸ್ ಮಾಡಿದರೆ ಅದು ಬಹುತೇಕ ಎರಡು ಜೋಡಿ ಅಥವಾ ಸೆಟ್. ಬೆಲೆ ನೋಡಿ ಮುಂದುವರಿಯಿರಿ, ಬ್ಲಫ್ ಎಂದು ಊಹಿಸಿಕೊಳ್ಳಬೇಡಿ.

ಬಂದ ಫ್ಲಶ್‌ಗೆ ಬೆಟ್ ಹಾಕಿದಾಗ ಮರಳಿ ದೊಡ್ಡ ರೈಸ್ ಬಂದರೆ, ನಿಮ್ಮದು ಚಿಕ್ಕ ಫ್ಲಶ್ ಆಗಿದ್ದು ಹಿಂದೆ ಇನ್ನೂ ಬಹಳ ಚಿಪ್ಸ್ ಇದ್ದರೆ, ಅದು ಬಿಡಬಹುದಾದ ಕೈ.

ನಿಮ್ಮದೇ ನಡವಳಿಕೆಯನ್ನೂ ಗಮನಿಸಿ. ಎರಡು ಸಲ ಸಾಲಾಗಿ 15 ಔಟ್ಸ್ ತಪ್ಪಿದ ಮೇಲೆ "ಆ್ಯಪ್ ಮೋಸ ಮಾಡ್ತಿದೆ" ಅನ್ನಿಸಲು ಶುರುವಾದರೆ ಎದ್ದುಬಿಡಿ. ಶೇ 54 ಎಂದರೆ ನೂರರಲ್ಲಿ 46 ಸಲ ತಪ್ಪುತ್ತದೆ, ಎರಡು ಸಲ ಸಾಲಾಗಿ ತಪ್ಪುವುದು ಐದರಲ್ಲಿ ಒಂದಕ್ಕಿಂತ ಹೆಚ್ಚು. ಆಲ್-ಇನ್ ಆದಾಗ ಬೋರ್ಡ್ ಎರಡು ಸಲ ಹಾಕುವ ಆಯ್ಕೆ ಇದ್ದರೆ ಒತ್ತಿ, ಸರಾಸರಿ ಬದಲಾಗದು, ಏರಿಳಿತ ಮಾತ್ರ ತಗ್ಗುತ್ತದೆ.

## ಆಟ ಮುಗಿದ ಮೇಲೆ

ಹ್ಯಾಂಡ್ ಹಿಸ್ಟರಿ ತೆರೆದು, ಡ್ರಾ ಹಿಡಿದು 30 ಬಿಬಿಗಿಂತ ಹೆಚ್ಚು ಹಾಕಿದ ಕೈಗಳನ್ನಷ್ಟೇ ತೆಗೆಯಿರಿ. ಗೆದ್ದವನ್ನೂ ಸೇರಿಸಿ, ತಪ್ಪುಗಳು ಹೆಚ್ಚಾಗಿ ಅಡಗುವುದು ಗೆದ್ದ ಕೈಗಳಲ್ಲೇ. ಪ್ರತಿಯೊಂದಕ್ಕೂ ನೋಟ್‌ಬುಕ್‌ನಲ್ಲಿ ನಾಲ್ಕು ಬರೆಯಿರಿ: ನೀವು ಎಣಿಸಿದ ಔಟ್ಸ್, ಶುದ್ಧ ಔಟ್ಸ್, ಕೊಟ್ಟ ಬೆಲೆ, ಟರ್ನ್‌ಗೆ ಮಾಡಿದ್ದ ಯೋಜನೆ. ನಾಲ್ಕನೆಯದು ಖಾಲಿ ಉಳಿದ ಕೈ ಯಾವುದಾದರೂ ಸರಿ, ಗೆದ್ದಿದ್ದರೂ ಸುತ್ತು ಹಾಕಿ.

ಆಮೇಲೆ ಕ್ಯಾಲ್ಕುಲೇಟರ್‌ಗೆ ಎದುರಾಳಿಯ ಒಂದೇ ಕೈ ಕೊಡಬೇಡಿ. ಅವರು ಹಾಗೆ ಆಡಬಹುದಾದ ಎಲ್ಲ ಕೈಗಳನ್ನೂ ಕೊಡಿ: ದೊಡ್ಡ ಜೋಡಿಗಳು, ಸೆಟ್‌ಗಳು, ದೊಡ್ಡ ಫ್ಲಶ್ ಡ್ರಾಗಳು. ನೀವು 54 ಎಂದುಕೊಂಡಿದ್ದು 44 ಎಂದು ತೋರಿಸಿದರೆ ತಪ್ಪಿದ್ದು ಹಂತ 2ರಲ್ಲಿ. ಅಂಕಿ ಸರಿಯಿದ್ದೂ ಚಿಪ್ಸ್ ಸೋರುತ್ತಿದ್ದರೆ ಹಂತ 5ನ್ನು ಮತ್ತೆ ನೋಡಿ, ಬಿಡದವರ ಎದುರು ಬ್ಲಫ್ ಮಾಡುತ್ತಿರುತ್ತೀರಿ.